ಕೋನಪ್ಪ ಮತ್ತು ಇತರರು

ಅಜ್ಜಿಯ ಕಥೆಗಳಲ್ಲಿ ಕೋಟೆ ಕಾಯುವ ಕೆಲಸ ಕೇಳಿಕೊಂಡು ಯಾರಾದರೂ ಬಂದರೆ ರಾಜ ಮೂರು ಪ್ರಶ್ನೆ ಕೇಳುತ್ತಾನೆ. ತಪ್ಪು ಉತ್ತರಕ್ಕೆ ತಲೆ ಹೋಗುತ್ತದೆ. ಪೊಲೀಸ್ ಇಲಾಖೆ ನನಗೆ ಹದಿನೇಳು ಪ್ರಶ್ನೆ ಕೇಳಿತ್ತು. ತಪ್ಪು ಉತ್ತರಕ್ಕೆ ಕೆಲಸ ಮಾತ್ರ ಹೋಗುತ್ತಿತ್ತು. ಕಾಲ ಸುಧಾರಿಸಿದೆ ಅಂದುಕೊಂಡೆ.

ಅಷ್ಟು ಹೊತ್ತಿಗೆ ನಾನು ನಾನೂರು ಮೀಟರ್ ಓಡಿದ್ದೆ, ಗುಂಡು ಎಸೆದಿದ್ದೆ, ಪರೀಕ್ಷೆ ಬರೆದಿದ್ದೆ. ಮಹಿಳಾ ಕಾನ್‌ಸ್ಟೆಬಲ್ ಆಯ್ಕೆ ಪಟ್ಟಿಯಲ್ಲಿ ಮೌನಿಕಾ ಎ. ಅಂತ ಹೆಸರು ಬಂದಿತ್ತು. ಉಳಿದದ್ದು ವೈದ್ಯಕೀಯ ಪರೀಕ್ಷೆ, ಮತ್ತೆ ನನ್ನ ನಡತೆ ಹೇಗೆ ಅನ್ನುವ ವಿಚಾರಣೆ. ಅದಕ್ಕೇ ಈ ಫಾರಂ. ಹನ್ನೆರಡನೇ ಪ್ರಶ್ನೆ ಹೀಗಿತ್ತು: ನೀವು ಎಂದಾದರೂ ಯಾವುದೇ ಪ್ರಕರಣದಲ್ಲಿ ಭಾಗಿಯಾಗಿದ್ದೀರಾ? ಪಕ್ಕದಲ್ಲಿ ಎರಡು ಚೌಕ, ಹೌದು, ಇಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ, ಸುಳ್ಳು ಮಾಹಿತಿ ಕೊಟ್ಟರೆ ಆಯ್ಕೆ ರದ್ದು.

ಮೂರು ವರ್ಷದ ಹಿಂದೆ ಚಿಂತಾಮಣಿಗೆ ಹೋಗುವ ನಮ್ಮ ಬೆಳಗಿನ ಬಸ್ಸು ನಿಂತುಹೋಗಿತ್ತು. ನಮ್ಮೂರು ಇರುವುದು ಕೆಂಚಾರ್ಲಹಳ್ಳಿಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಆ ಬಸ್ಸಿಲ್ಲದಿದ್ದರೆ ಕಾಲೇಜಿಲ್ಲ, ಆಸ್ಪತ್ರೆಯಿಲ್ಲ. ಒಂದು ಸೋಮವಾರ ಇಪ್ಪತ್ತೆಂಟು ಜನ ಹೋಗಿ ನಮ್ಮೂರ ಕ್ರಾಸಿನಲ್ಲಿ ರಸ್ತೆ ಮೇಲೆ ಕೂತೆವು. ಎರಡು ಗಂಟೆ ಕೂತ ಮೇಲೆ ಜೀಪು ಬಂತು. "ಹೆಸರು ಹೇಳ್ರಿ" ಅಂದರು. ಕೋನಪ್ಪ ತಾತ ಹೇಳಿದರು. ಯಾರಾದರೂ ಹೆಸರು ಕೇಳಿದರೆ ಹೇಳುವ ಅಭ್ಯಾಸ ಅವರಿಗೆ. ಉಳಿದ ಇಪ್ಪತ್ತೇಳು ಜನಕ್ಕೆ ಅದೇ ಹೊತ್ತಿಗೆ ಮನೆಯಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿಲ್ಲ ಅನ್ನುವುದು ನೆನಪಾಯಿತು.

ಎಫ್‌ಐಆರ್‌ನಲ್ಲಿ 'ಕೋನಪ್ಪ ಬಿನ್ ಲೇಟ್ ಚಿಕ್ಕವೆಂಕಟಪ್ಪ ಮತ್ತು ಇತರರು' ಅಂತ ಬಂತು.

ಬಸ್ಸು ಮುಂದಿನ ವಾರವೇ ವಾಪಸ್ಸು ಬಂತು. ನಾನು ಅದರಲ್ಲಿ ಓಡಾಡಿ ಡಿಗ್ರಿ ಮುಗಿಸಿದೆ. ಕೋನಪ್ಪ ತಾತ ಅದರಲ್ಲೇ ಕೋರ್ಟಿಗೆ ಹೋಗಿಬರುತ್ತಿದ್ದರು, ಅಲ್ಲಿಯವರೆಗೆ ಹನ್ನೊಂದು ಸಲ. ಎಷ್ಟೋ ದಿನ ಒಟ್ಟಿಗೇ ಹೋಗಿದ್ದೇವೆ. ಕಿಟಕಿ ಪಕ್ಕದ ಸೀಟು ನನಗೆ ಬಿಡುತ್ತಿದ್ದರು.

ನಾನು ಹೌದು ಅನ್ನುವ ಚೌಕಕ್ಕೆ ಟಿಕ್ ಹಾಕಿ ಪಕ್ಕದಲ್ಲಿ ಬರೆದೆ: 'ಇತರರು ಎಂಬುವರಲ್ಲಿ ನಾನೂ ಒಬ್ಬಳು.'

ಅಪ್ಪ ಅದನ್ನು ಎರಡು ಸಲ ಓದಿದ.

"ನಿನ್ನ ಯಾರು ಕೇಳಿದ್ರು?"

"ಫಾರಂ ಕೇಳ್ತಲ್ಲಪ್ಪ."

"ಪೊಲೀಸ್ರಿಗೇ ಗೊತ್ತಿಲ್ದೇ ಇರೋದನ್ನ ಪೊಲೀಸ್ರಿಗೆ ಹೋಗಿ ಹೇಳೋರು ಇದಾರಾ ಲೋಕದಲ್ಲಿ?"

ಅಜ್ಜಿ ಸೊಪ್ಪು ಕತ್ತರಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. "ತಪ್ಪೇ ಮಾಡದೋನ್ನ ಕಾವಲಿಗೆ ಇಟ್ರೆ ಅವ್ನು ಯಾವತ್ತು ಏನು ಮಾಡ್ತಾನೋ ಗೊತ್ತಾಗಲ್ಲ ಕಣೋ ಆವಲಪ್ಪ. ಒಂದು ಮಾಡಿ ಒಪ್ಕೊಂಡೋನು ವಾಸಿ. ಅಳತೆ ಸಿಕ್ಕಿರ್ತದೆ."

"ಹೋಗಿ ನಿನ್ನ ರಾಜಂಗೆ ಹೇಳಮ್ಮ ಇದನ್ನ" ಅಂದ ಅಪ್ಪ. ಆದರೂ ಫಾರಂ ಹರಿಯಲಿಲ್ಲ.

ವಿಚಾರಣೆಗೆ ಬಂದವರು ದಫೇದಾರ್ ನರಸಿಂಹಪ್ಪ. ಮೇಲಿನಿಂದ ಬಂದ ಕಾಗದದಲ್ಲಿ 'ಗೌಪ್ಯ ವಿಚಾರಣೆ' ಅಂತ ಇತ್ತು. ಅವರು ಅದನ್ನು ನಂಬಿದರು. ಯೂನಿಫಾರಂ ಬಿಟ್ಟು ಇಸ್ತ್ರಿ ಮಾಡಿದ ತಿಳಿ ಹಳದಿ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು, ಬೈಕಿನಲ್ಲಿ ಬಂದರು. ದಾರಿಯಲ್ಲಿ ಮನೆಗೆ ಅಂತ ಕೊಂಡಿದ್ದ ಒಂದು ಚಿಪ್ಪು ಬಾಳೆಹಣ್ಣು ಹ್ಯಾಂಡಲ್ಲಿಗೆ ನೇತಾಡುತ್ತಿತ್ತು. ನಾನು ಆವತ್ತು ವೈದ್ಯಕೀಯ ಪರೀಕ್ಷೆಗೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ. ನಡೆದದ್ದನ್ನು ಊರೆಲ್ಲ ನನಗೆ ಸಂತೋಷವಾಗಿ ಹೇಳಿತು.

ಕ್ರಾಸಿನಲ್ಲಿರುವ ದಸ್ತಗಿರ್ ಸಾಬರ ಟೀ ಅಂಗಡಿಯ ಮುಂದೆ ಬೈಕು ನಿಲ್ಲಿಸಿ ಅವರು ಕೇಳಿದರಂತೆ, "ಇಲ್ಲಿ ಆವಲಪ್ಪನವರ ಮಗಳು ಮೌನಿಕಾ ಅಂತ. ಹುಡುಗಿ ಹೆಂಗೆ?"

ದಸ್ತಗಿರ್ ಸಾಬರು ಬಾಳೆಹಣ್ಣು ನೋಡಿದರು. ಶರ್ಟು ನೋಡಿದರು. ಬೆಂಚು ಒರೆಸಿದರು.

"ಬಂಗಾರ ಸಾರ್. ಕೂತ್ಕೊಳ್ಳಿ. ತಲೆ ಎತ್ತಿ ಮಾತಾಡಲ್ಲ."

"ಗಲಾಟೆ ಗಿಲಾಟೆ?"

"ಅದರ ಧ್ವನೀನೇ ನಾವು ಕೇಳಿಲ್ಲ."

"ಮೂರು ವರ್ಷದ ಹಿಂದೆ ಇಲ್ಲೇ ರಸ್ತೆ ತಡೆ ಆಯ್ತಂತಲ್ಲ. ಅದರಲ್ಲಿ ಇದ್ಲಂತೆ?"

ಟೀ ಕುಡಿಯುತ್ತಿದ್ದ ಮೋಹನ್‌ಬಾಬು ಲೋಟ ಕೆಳಗಿಟ್ಟ. ನಮ್ಮ ಪಕ್ಕದ ಮನೆಯವನು, ಆವತ್ತು ನನ್ನ ಹಿಂದೆಯೇ ಕೂತು ಘೋಷಣೆ ಕೂಗಿದ್ದವನು. "ಛೇ ಛೇ, ಎಲ್ಲಾದ್ರೂ ಉಂಟಾ. ಹೊಸಲು ದಾಟೋ ಹುಡುಗೀನೇ ಅಲ್ಲ ಸಾರ್ ಅದು."

"ಡಿಗ್ರಿ ಓದಿದಾಳಲ್ಲ?"

"ಓದಿದಾಳೆ. ಹೊಸಲು ದಾಟ್ದೇನೇ ಓದಿದಾಳೆ."

ನರಸಿಂಹಪ್ಪ ಬರೆದುಕೊಂಡರು. ಗಂಡಿನ ಕಡೆಯವರು ವಿಚಾರಿಸಲು ಬಂದಾಗ ನಮ್ಮೂರು ಒಂದೇ ಬಾಯಿಯಿಂದ ಮಾತಾಡುತ್ತದೆ. ಇವತ್ತು ಅವಳಿಗೆ, ನಾಳೆ ನಮ್ಮ ಮನೆ ಹುಡುಗಿಗೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಈ ಕಟ್ಟು ತಪ್ಪಿಲ್ಲ. ಕಾಲು ಎಳೆಯುವವರೂ ಆವತ್ತೊಂದು ದಿನ ಕೈ ಹಿಡಿಯುತ್ತಾರೆ.

ಆಮೇಲೆ ಅವರು ನಮ್ಮ ಮನೆಗೆ ಬಂದರು. ಹುಳು ಮೂರನೇ ಜ್ವರದಲ್ಲಿದ್ದವು. ಅಂದರೆ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಪೊರೆ ಬಿಡಲು ಮಲಗಿದ್ದವು. ಆ ಹೊತ್ತಲ್ಲಿ ಹೊರಗಿನವರನ್ನು ಹುಳುಮನೆಗೆ ಬಿಡುವುದಿಲ್ಲ. ಅಜ್ಜಿ ಬಾಗಿಲಲ್ಲೇ ಅಡ್ಡ ನಿಂತು ತಾನೇ ವಿಚಾರಣೆ ನಡೆಸಿದಳು. ಯಾವೂರು, ಎಷ್ಟು ಜನ ಅಣ್ಣತಮ್ಮಂದಿರು, ನೀರಾವರಿ ಎಷ್ಟು, ಹುಡುಗ ಏನು ಮಾಡ್ತಾನೆ. ನರಸಿಂಹಪ್ಪ ಸರಳ ಮನುಷ್ಯರು. ಶಿಡ್ಲಘಟ್ಟದ ಕಡೆಯವನು, ಒಬ್ಬನೇ ಮಗ, ಗೌರಿಬಿದನೂರಲ್ಲಿ ಡಿಪ್ಲೊಮಾ ಓದ್ತಿದ್ದಾನೆ ಅಂದರು.

"ಡಿಪ್ಲೊಮಾ ಸಾಲದಪ್ಪ. ನಮ್ಮ ಹುಡುಗಿ ಪೊಲೀಸ್ ಆಗ್ತಾಳೆ" ಅಂದಳು ಅಜ್ಜಿ.

'ಕುಟುಂಬದವರಿಗೆ ಇಲಾಖೆಯ ಬಗ್ಗೆ ಗೌರವವಿದೆ' ಎಂದು ಅವರು ಬರೆದುಕೊಂಡರು. ಅಜ್ಜಿ ಬಾಳೆಹಣ್ಣನ್ನೇ ನೋಡುತ್ತಿದ್ದುದರಿಂದ ಅದನ್ನು ಕೊಟ್ಟು ಹೋದರು.

ಸಂಜೆ ಅಜ್ಜಿ ನನ್ನ ಕೈಗೆ ಒಂದು ಹಣ್ಣು ಕೊಟ್ಟಳು. "ಗಂಡಿನ ಅಪ್ಪ ಬಂದಿದ್ದ ಪಾಪಾ. ಒಳ್ಳೇವ್ನು. ಮಾತು ಕಮ್ಮಿ, ಬರೆಯೋದು ಜಾಸ್ತಿ."

ನಾನು ತಿಂದೆ. ಹಣ್ಣು ಚೆನ್ನಾಗಿತ್ತು.

ಹತ್ತು ದಿನಕ್ಕೆ ನೋಟಿಸು ಬಂತು. 'ರಸ್ತೆ ತಡೆ ಪ್ರಕರಣದಲ್ಲಿ ಭಾಗಿಯಾಗಿದ್ದಾಗಿ ಅಭ್ಯರ್ಥಿಯು ಬರೆದಿದ್ದು, ಸ್ಥಳೀಯ ವಿಚಾರಣೆಯಿಂದ ಸದರಿ ಮಾಹಿತಿ ಸುಳ್ಳೆಂದು ಕಂಡುಬಂದಿರುತ್ತದೆ. ಆಯ್ಕೆಯನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.'

ಅಪ್ಪ ಇದನ್ನೂ ಎರಡು ಸಲ ಓದಿದ. "ಮಾಡಿಲ್ಲ ಅಂತ ಸುಳ್ಳು ಹೇಳಿ ಸಿಕ್ಕಿಬಿದ್ದೋರ್ನ ನೋಡಿದೀನಿ" ಅಂದ.

ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ಶ್ರೀವಿದ್ಯಾ ಅನ್ನುವ ಗುಮಾಸ್ತೆ ನನ್ನ ಫೈಲು ತೆಗೆದು, ನನ್ನನ್ನು ನೋಡಿ, ಮತ್ತೆ ಫೈಲು ನೋಡಿದರು.

"ಒಂದು ಲೈನ್ ಬರ್ಕೊಡಮ್ಮ. ತಪ್ಪು ಗ್ರಹಿಕೆಯಿಂದ ಹೌದು ಅಂತ ಬರೆದಿದ್ದೆ, ನಾನು ಅಲ್ಲಿ ಇರಲಿಲ್ಲ ಅಂತ. ಇಲ್ಲೇ ಮುಗಿಯುತ್ತೆ. ಮುಂದಿನ ತಿಂಗಳು ಟ್ರೈನಿಂಗ್."

"ಆದ್ರೆ ಇದ್ದೆ ಮೇಡಂ."

"ಇದ್ದೆ ಅನ್ನೋಕೆ ಸಾಕ್ಷಿ ಬೇಕಲ್ಲ. ಮರುವಿಚಾರಣೆ ಕೇಳಬಹುದು. ಆವಾಗ್ಲೂ ಊರೋರು ಇಲ್ಲ ಅಂದ್ರೆ ಪಟ್ಟಿಯಿಂದ ಹೆಸರು ತೆಗೀತಾರೆ. ವಯಸ್ಸಿನ ಮಿತಿ ನೋಡ್ಕೋ, ನಿನಗೆ ಇದೇ ಕೊನೇ ಸಲ." ಪೆನ್ನು ನನ್ನ ಕಡೆ ತಳ್ಳಿದರು. "ಒಳ್ಳೆ ಕೈಬರಹ ಇದೆ ನಿಂದು."

ಕಿಟಕಿಯಾಚೆ ಸ್ಕಂದಗಿರಿ ಮೇಲೆ ಮೋಡ ಅಲುಗಾಡದೆ ಕೂತಿತ್ತು. ರಸ್ತೆ ತಡೆಗೆ ಕೂತ ಹಾಗೆ. ನಾನು ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ, ಶ್ರೀವಿದ್ಯಾ ಮೇಡಂ ಊಟಕ್ಕೆ ಎದ್ದರು. ನಾನು ಖಾಲಿ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ.

ಚಿಂತಾಮಣಿಯಲ್ಲಿ ನಮ್ಮೂರ ಬಸ್ಸು ಹತ್ತಿದರೆ ಕೋನಪ್ಪ ತಾತ ಕೂತಿದ್ದರು. ಹನ್ನೆರಡನೇ ಸಲ ಕೋರ್ಟಿಗೆ ಹೋಗಿ ಬರುತ್ತಿದ್ದರು. ಎದ್ದು ಕಿಟಕಿ ಬಿಟ್ಟರು. ನಾನು ಎಲ್ಲ ಹೇಳಿದೆ.

"ಬರೆದುಬಿಡಮ್ಮ, ನಾನಿರ್ಲಿಲ್ಲ ಅಂತ. ಅದಕ್ಕೇನಂತೆ."

"ನೀವು ಒಬ್ರೇ ಕೂತಿದ್ರಿ ಅಂತ ಆಗುತ್ತಲ್ಲ ತಾತ."

"ಈಗಿರೋದೂ ಹಂಗೇನೆ. ನಮ್ಮ ಲಾಯರ್ರು ಇವತ್ತು ಕೇಳಿದ್ರು, ರಸ್ತೆ ಅಗಲ ಇಪ್ಪತ್ತು ಅಡಿ, ನೀನು ಅಡ್ಡ ಮಲಗಿದ್ರೂ ಐದೂವರೆ, ಹೆಂಗಪ್ಪ ತಡೆದೆ ಎರಡು ಗಂಟೆ ಅಂತ." ತಾತ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು. "ನನಗೂ ಈಗೀಗ ಅನುಮಾನ ಬರ್ತದೆ. ನಾನೊಬ್ನೇ ಇದ್ನೇನೋ ಅಂತ."

ಬಸ್ಸು ಕ್ರಾಸಿಗೆ ಬಂದಾಗ ನಾನು ಆ ಹಾಳೆಯಲ್ಲಿ ಮರುವಿಚಾರಣೆ ಬೇಕೆಂದು ಬರೆದು ಮುಗಿಸಿದ್ದೆ. ಬಸ್ಸಿನ ಕುಲುಕಾಟಕ್ಕೆ ಕೈಬರಹ ಕೆಟ್ಟಿತ್ತು.

ಮರುವಿಚಾರಣೆಗೆ ನರಸಿಂಹಪ್ಪನವರೇ ಬಂದರು, ಈ ಸಲ ಯೂನಿಫಾರಂನಲ್ಲಿ. ಬಂದದ್ದು ಮುಂದಿನ ಬೆಳೆಯ ಹುಳು ಹಣ್ಣಾದ ದಿನ. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಸೊಪ್ಪು ಬಿಟ್ಟು, ಮೈ ತಿಳಿಯಾಗಿ, ನೂಲು ಬಿಡಲು ಜಾಗ ಹುಡುಕಿ ತಲೆ ಆಡಿಸುತ್ತವೆ. ಆವತ್ತೇ ಆರಿಸಿ, ಗೂಡು ಕಟ್ಟಲು ಚಂದ್ರಂಕಿ ಅನ್ನುವ ಬಿದಿರಿನ ತಟ್ಟಿಗಳ ಮೇಲೆ ಬಿಡಬೇಕು. ಅದಕ್ಕೇ ಆ ದಿನ ಅಕ್ಕಪಕ್ಕದ ಮನೆಯವರೆಲ್ಲ ಒಂದೇ ಹುಳುಮನೆಯಲ್ಲಿ ಇರುತ್ತಾರೆ. ಖಾಕಿ ನೋಡಿದರೆ ನಮ್ಮೂರು ಸೊಪ್ಪಿನ ತೋಟಕ್ಕೆ ಓಡುತ್ತದೆ. ಆವತ್ತು ಓಡುವ ಹಾಗಿರಲಿಲ್ಲ. ಎಲ್ಲರ ಕೈ ತುಂಬಾ ಹುಳು.

ಮೊದಲು ಗುರುತು ಹಿಡಿದವಳು ಅಜ್ಜಿ. "ಅಯ್ಯೋ, ಬೀಗರು!"

"ನಾನು ಬೀಗ ಅಲ್ಲಮ್ಮ, ಪೊಲೀಸು" ಅಂದರು ನರಸಿಂಹಪ್ಪ. ದಸ್ತಗಿರ್ ಸಾಬರು ಕೈಯಲ್ಲಿದ್ದ ಹುಳುಗಳನ್ನೇ ನೋಡಿದರು. ಮೋಹನ್‌ಬಾಬು ಚಂದ್ರಂಕಿಯ ಹಿಂದಕ್ಕೆ ಸರಿದ.

"ಈ ಹುಡುಗಿ ಆವತ್ತು ರಸ್ತೇಲಿ ಕೂತಿದ್ಲಾ ಇಲ್ವಾ? ನೋಡಿದೋರು ಹೇಳಿ, ಬರ್ಕೊಂಡು ಹೋಗ್ತೀನಿ."

ಎಲ್ಲರೂ ಹುಳು ಆರಿಸುವುದರಲ್ಲಿ ಮುಳುಗಿದರು. ನೋಡಿದೆ ಅಂದರೆ ನೀನು ಎಲ್ಲಿದ್ದೆ ಅನ್ನುವ ಪ್ರಶ್ನೆ ಅದರ ಹಿಂದೆಯೇ ನಿಂತಿತ್ತು. ಅದು ಎಲ್ಲರಿಗೂ ಕಾಣುತ್ತಿತ್ತು. ನನಗೂ ಕಂಡಿತು. ನಾನು ಆರಿಸುವುದು ನಿಲ್ಲಿಸಲಿಲ್ಲ.

"ಹಣ್ಣು ಹುಳು ಬಾಗಿಲಿಗೆ ಬಂದೋರು ಸುಮ್ನೆ ನಿಲ್ಲಬಾರದಪ್ಪ" ಅಂದಳು ಅಜ್ಜಿ. "ಶಿಡ್ಲಘಟ್ಟದೋನು ಅಂದೆ. ನಿನಗೆ ಹೇಳಿಕೊಡಬೇಕಾ?"

ನರಸಿಂಹಪ್ಪ ಬೂಟು ಬಿಚ್ಚಿದರು, ಟೋಪಿ ತೆಗೆದು ಬಾಗಿಲ ಮೊಳೆಗೆ ಹಾಕಿದರು, ಬ್ಲೀಚಿಂಗ್ ನೀರಲ್ಲಿ ಕೈಕಾಲು ತೊಳೆದು ಒಳಗೆ ಬಂದು ಕೂತರು. ಅಭ್ಯಾಸದ ಕೈ. ನಮಗಿಂತ ಬೇಗ ಆರಿಸುತ್ತಿದ್ದರು.

ಕಾಲು ಗಂಟೆ ಆಗಿರಬೇಕು. ಅವರು ತಲೆ ಬಗ್ಗಿಸಿಕೊಂಡೇ ಯಾರಿಗೂ ಅಲ್ಲ ಅನ್ನುವ ಹಾಗೆ ಅಂದರು, "ಇಂಥ ಕೇಸಿಂದ ಕೆಲಸ ಹೋಗಲ್ಲ. ಕೇಸ್ ಮುಗಿಯೋವರ್ಗೂ ತಡ ಆಗಬಹುದು, ಅಷ್ಟೇ. ಸುಳ್ಳು ಹೇಳಿದಾಳೆ ಅಂತ ಬರೆದ್ರೆ ಮಾತ್ರ ಹೋಗುತ್ತೆ. ಬರೆಯೋನು ನಾನು. ನೀವು ಹೇಳಿದ್ದನ್ನೇ ಬರೀಬೇಕು."

ಅಜ್ಜಿ ಕೈಯಲ್ಲಿದ್ದ ಹುಳುಗಳನ್ನು ಒಂದೊಂದಾಗಿ ಚಂದ್ರಂಕಿಗೆ ಬಿಟ್ಟಳು. "ಬರಕೋ. ಓಬಳಮ್ಮ ಕೋಂ ಲೇಟ್ ಮುನಿಗಂಗಪ್ಪ. ಮುಂದಿನ ಸಾಲಲ್ಲಿ ನಾನಿದ್ದೆ. ಪಕ್ಕದಲ್ಲಿ ಇವಳು. ಬಿಸಿಲಿಗೆ ನನ್ನ ಸೆರಗು ಹೊದ್ಕೊಂಡಿದ್ಲು."

"ಅಜ್ಜಿ, ಬರ್ಕೊಂಡ್ರೆ ನೀವೂ ಆರೋಪಿ. ಕೋರ್ಟಿಗೆ ಬರಬೇಕಾಗ್ತದೆ."

"ಬಸ್ಸಿದೆಯಲ್ಲಪ್ಪ ಈಗ. ಬರ್ತೀನಿ."

ದಸ್ತಗಿರ್ ಸಾಬರು ಗಂಟಲು ಸರಿಮಾಡಿಕೊಂಡರು. "ನಾನು ಹೋದ ಸಲ ಹೇಳಿದ್ದು ಮದುವೆಗೆ ಸಾರ್. ಕೇಸಿಗೆ ಬೇರೆ ಇದೆ. ಧ್ವನಿ ಕೇಳಿಲ್ಲ ಅಂದ್ನಲ್ಲ, ಆವತ್ತು ಕೇಳಿದೆ. ಅರ್ಧ ಮೈಲಿಗೆ ಕೇಳ್ತಿತ್ತು. ಶೇಖ್ ದಸ್ತಗಿರ್. ಬರ್ಕೊಳ್ಳಿ."

ಅಪ್ಪ ಮೂಲೆಯಿಂದ ಅಂದ, "ನಾನು ಕೂತಿರ್ಲಿಲ್ಲ. ಬಿಂದಿಗೇಲಿ ನೀರು ತಂದ್ಕೊಟ್ಟೆ."

"ಅದೂ ಸೇರ್ತದೆ."

"ಸೇರಿಸ್ಕೊಳ್ಳಿ ಹಂಗಾದ್ರೆ."

ಇಪ್ಪತ್ತೇಳು ಜನವೂ ಮುಂದೆ ಬಂದರು ಅಂದರೆ ಅದು ಅಜ್ಜಿಯ ಕಥೆ ಆಗುತ್ತದೆ. ಮೋಹನ್‌ಬಾಬು ಹಿಂದಿನ ಬಾಗಿಲಿಂದ ಹೊಸಲು ದಾಟಿ ಹೋದ. ಕೆಲವರು ಬಯಲ ಕಡೆ ಹೋಗಿಬರ್ತೀವಿ ಅಂದು ಹೋದವರು ಬರಲಿಲ್ಲ. ನರಸಿಂಹಪ್ಪ ಕೊನೆಗೆ ಕೈ ತೊಳೆದುಕೊಂಡು ಬರೆದಾಗ ನನ್ನನ್ನೂ ಸೇರಿಸಿ ಹನ್ನೊಂದು ಹೆಸರಾದವು. ಹೋಗುವಾಗ ಅವರು ಅಜ್ಜಿಯನ್ನು ಕೇಳಿದರು, "ಹುಡುಗೀಗೆ ಡಿಪ್ಲೊಮಾ ಸಾಲಲ್ಲ ಅಂದ್ರಲ್ಲ, ಅದು ಖಾಯಂ ತಾನೇ?" ಅಜ್ಜಿ ಯೋಚಿಸಿ ಹೇಳ್ತೀನಿ ಅಂದಳು. ನಾನು ಖಾಯಂ ಅಂದೆ.

ಚಿಕ್ಕಬಳ್ಳಾಪುರದಿಂದ ಬಂದ ಕಾಗದದಲ್ಲಿ ಎರಡೇ ಸಾಲಿತ್ತು. ಅಭ್ಯರ್ಥಿ ನೀಡಿದ ಮಾಹಿತಿ ಸತ್ಯವೆಂದು ದೃಢಪಟ್ಟಿದೆ. ಪ್ರಕರಣ ಇತ್ಯರ್ಥವಾಗುವವರೆಗೆ ಹುದ್ದೆಯನ್ನು ಕಾಯ್ದಿರಿಸಿದೆ.

ನಾಲ್ಕು ತಿಂಗಳ ಮೇಲೆ, ಕೋನಪ್ಪ ತಾತನ ಹದಿನೈದನೇ ಸಲಕ್ಕೆ, ನಾವು ಹನ್ನೊಂದು ಜನ ಅವರ ಜೊತೆ ಬೆಳಗಿನ ಬಸ್ಸು ಹತ್ತಿದೆವು. ನಾನು ಕಿಟಕಿ ಪಕ್ಕದ ಸೀಟು ಅವರಿಗೆ ಬಿಟ್ಟೆ. ಅವರು ದಾರಿಯುದ್ದಕ್ಕೂ ಹೊರಗೆ ನೋಡಿದರು, ಹೊಸ ರಸ್ತೆ ಅನ್ನುವ ಹಾಗೆ.

ಕೋರ್ಟಿನಲ್ಲಿ ಒಬ್ಬೊಬ್ಬರ ಹೆಸರನ್ನು ಮೂರು ಮೂರು ಸಲ ಕೂಗುತ್ತಾರೆ. ಇಷ್ಟು ದಿನ ಈ ಕೇಸಿಗೆ ಮೂರು ಕೂಗು ಸಾಕಾಗಿತ್ತು. ಆವತ್ತು ಬಾಗಿಲಲ್ಲಿ ನಿಂತು ಕೂಗುವವನು ಪಟ್ಟಿಯನ್ನು ತಿರುಗಿಸಿ ಹಿಂದೆಯೂ ನೋಡಿ, ನಮ್ಮ ಕಡೆ ಒಂದು ಸಲ ನೋಡಿ, ಕೋನಪ್ಪನಿಂದ ಶುರುಮಾಡಿದ. ಆರನೇ ಹೆಸರಿಗೆ ಅವನ ಗಂಟಲು ಕಟ್ಟಿತು. ಒಳಗಿನಿಂದ ಕೋನಪ್ಪ ತಾತ ಎದ್ದು ಬಂದು ತಮ್ಮ ನೀರಿನ ಬಾಟಲಿ ಕೊಟ್ಟರು.

ಒಂಬತ್ತನೆಯ ಹೆಸರು ನನ್ನದು. ಎರಡನೇ ಸಲ ಕೂಗುವುದಕ್ಕೆ ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಒಳಗೆ ಹೋಗಿದ್ದೆ.