ನಡುವೆ ಖಾಲಿ ಬಿಟ್ಟ ಕರಾರು

ರವೀಂದ್ರನಗರದ ತುಂಗಾ, ಕಾಗದ ಕತ್ತರಿಸಿ ಯಹೂದಿಗಳ ಮದುವೆಗೆ ಕರಾರುಪತ್ರ ಮಾಡಿಕೊಡುವವಳು. ಸುತ್ತ ದಾಳಿಂಬೆ ಬಳ್ಳಿ, ಜೋಡಿ ಹಕ್ಕಿ. ನಡುವೆ ಕರಾರಿನ ಬರಹ. ಮುಂಬೈ, ಇಸ್ರೇಲಿನಿಂದ ಆರ್ಡರ್ ಬರುತ್ತಿದ್ದವು. ಅಂಥ ಒಂದು ಪತ್ರವನ್ನು ಫೋನಿನಲ್ಲಿ ನೋಡಿದ ಭದ್ರಾವತಿಯ ಹಾಲಸ್ವಾಮಿಯವರು ಮಗನ ಮದುವೆಗೂ ಅಂಥದ್ದೇ ಬೇಕೆಂದು ಓಡಿಬಂದರು. ಬೀಗರು ಬಾಯಿಬಿಟ್ಟುಕೊಂಡು ನೋಡಬೇಕು ಎಂಬುದು ಅವರ ಆಸೆ.

“ಇದರಲ್ಲಿ ಏನು ಬರೆದಿರ್ತಾರಮ್ಮ?”

“ಹೆಂಡತಿಗೆ ಊಟ, ಬಟ್ಟೆ, ಮರ್ಯಾದೆ ಕೊಡ್ತೀನಿ, ಬಿಟ್ಟರೆ ಇಷ್ಟು ದುಡ್ಡು ಕೊಡ್ತೀನಿ ಅಂತ ಗಂಡ ಬರೆದುಕೊಡೋದು ಸಾರ್. ಇಬ್ಬರು ಸಾಕ್ಷಿ ಸಹಿ ಹಾಕ್ತಾರೆ.”

“ಹುಡುಗಿ ಕಡೆಯವರು ಏನು ಬರೆದುಕೊಡ್ತಾರೆ?”

“ಏನಿಲ್ಲ.”

ಹಾಲಸ್ವಾಮಿಯವರು ಮುಖ ಹುಳ್ಳಗೆ ಮಾಡಿಕೊಂಡರು. “ನಮಗೆ ಬರಹ ಬೇಡ ಬಿಡಮ್ಮ. ಬಳ್ಳಿ, ಹಕ್ಕಿ ಇರಲಿ. ನಡುವೆ ಖಾಲಿ ಬಿಡು.”

ತುಂಗಾ ಹಲ್ಲು ಕಚ್ಚಿಕೊಂಡು ಹಾಗೆಯೇ ಮಾಡಿಕೊಟ್ಟಳು. ಮದುವೆಯ ದಿನ ಕಲ್ಯಾಣಮಂಟಪದ ಬಾಗಿಲಲ್ಲೇ ಅದಕ್ಕೆ ಗಾಜಿನ ಚೌಕಟ್ಟು, ದೀಪದ ಸರ. ಬಂದವರೆಲ್ಲ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಹಾಲಸ್ವಾಮಿಯವರ ತಾಯಿ ಶಂಕರಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದರು.

“ಏನಿದು ಮಾರಾಯ್ತಿ?”

“ಗಂಡ ಹೆಂಡತಿಗೆ ಬರೆದುಕೊಡೋ ಕರಾರು ಅಜ್ಜಿ,” ಎಂದಳು ಮದುವೆಗೆ ಬಂದಿದ್ದ ತುಂಗಾ.

ಶಂಕರಮ್ಮ ಆ ಖಾಲಿ ಜಾಗವನ್ನು ಮೇಲಿಂದ ಕೆಳಗಿನವರೆಗೂ ನಿಧಾನವಾಗಿ ಓದಿದರು.

“ಸರಿಯಾಗಿದೆ ಬಿಡು,” ಎಂದರು. “ನನಗೂ ಇದನ್ನೇ ಬರೆದುಕೊಟ್ಟಿದ್ರು.”