ಒಗೆಯದ ಅಂಗಿ

ದಿನಾ ಮುನ್ನೂರು ಜನರ ಹೊಟ್ಟೆ ತುಂಬಿಸುವವನಿಗೆ ಮನೆಯಲ್ಲಿ ಒಬ್ಬಳಿಗೆ ಒಂದು ಗುಟುಕು ನೀರು ದಕ್ಕಿಸಲಾಗುತ್ತಿರಲಿಲ್ಲ. ಹಣೆಬರಹ ಅಂದರೆ ಇನ್ನೇನು ಮತ್ತೆ? ಕಾರ್ಖಾನೆಯ ಕ್ಯಾಂಟೀನಿನಲ್ಲಿ ಈ ಅಡುಗೆಯವನಿಗೆ ಈರುಳ್ಳಿರಾಯ ಎಂದೇ ಹೆಸರು. ಮೂಟೆಗಟ್ಟಲೆ ಹೆಚ್ಚಿ ಹುರಿಯುವ ಕೈ ಅದು. ಬಸುರಿ ಹೆಂಡತಿಗೆ ಆ ವಾಸನೆ ಬಾಗಿಲಿಗೆ ಬಂದರೆ ಸಾಕು, ಕರುಳು ಕಿತ್ತು ಬರುವಂಥ ವಾಂತಿ. ಪಾಪ, ಅವನು ಎರಡೆರಡು ಸಲ ಸೋಪು ತಿಕ್ಕಿ ಮಿಂದು, ಅಂಗಿಯನ್ನು ಹಿತ್ತಲಲ್ಲೇ ಬಿಟ್ಟು, ಹೊಸ್ತಿಲಾಚೆ ಕೂತು ಅವಳನ್ನು ಮಾತಾಡಿಸುತ್ತಿದ್ದ. ಮೂರನೇ ತಿಂಗಳಿಗೇ ಎರಡು ಸಲ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿದ್ದಾಗಿತ್ತು.

“ನಾವೇನು ಹೆತ್ತಿಲ್ವೇನೋ? ಇವಳದೊಂದು ಲೋಕಕ್ಕಿಲ್ಲದ ಬಸಿರು,” ಎಂದಳು ಅವನ ತಾಯಿ.

“ಒಂದಿನ ಅವಳ ವಾಂತಿ ಬಕೆಟ್ ನೀನು ತೊಳಿಯಮ್ಮ, ಆಮೇಲೆ ಮಾತಾಡು.”

ತಾಯಿ ಮೂತಿ ತಿರುವಿದಳು. ಆದರೆ ಮರುದಿನದಿಂದ ಬಕೆಟ್ ತೊಳೆದವಳು ಅವಳೇ. “ಈ ವಾಂತಿಯೊಂದು ನಿಂತ್ರೆ ಸಾಕಪ್ಪ,” ಎಂದು ಮಗ ಕಂಡ ದೇವರಿಗೆಲ್ಲ ಕೈಮುಗಿದ.

ಒಂದು ಗುರುವಾರ ನಿಂತೇಬಿಟ್ಟಿತು. ಅವನು ಬಂದಾಗ ಹೆಂಡತಿ ಗಂಜಿ ಕುಡಿಯುತ್ತಿದ್ದಳು, ತಾಯಿ ಎರಡನೇ ಲೋಟ ಬಗ್ಗಿಸುತ್ತಿದ್ದಳು. ಸದ್ಯ, ಬದುಕಿದೆವು ಎಂದುಕೊಂಡ. ಎಷ್ಟೋ ವಾರಗಳ ಮೇಲೆ ಮನೆಯೊಳಗೆ ಸಿಳ್ಳೆ ಹಾಕಿದ. ಅವಳು ಮಾತ್ರ ನಗಲಿಲ್ಲ.

ಬೆಳಿಗ್ಗೆ ನೋಡಿದರೆ ಅವಳು ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾಳೆ. ಅವನ ಒಗೆಯದ ಅಂಗಿಗೆ ಮುಖ ಒತ್ತಿ, ಉಸಿರು ಎಳೆದೆಳೆದು ಮೂಸುತ್ತಿದ್ದಾಳೆ.

“ಏನೇ ಇದು, ಹುಚ್ಚು ಹುಡುಗಿ?”

“ಏನೂ ಆಗ್ತಿಲ್ಲ ರೀ. ಎಷ್ಟು ಮೂಸಿದ್ರೂ ವಾಂತಿ ಬರ್ತಿಲ್ಲ. ನನಗ್ಯಾಕೋ ಭಯ ಆಗ್ತಿದೆ.”

“ನಿಂತ್ರೆ ಒಳ್ಳೇದೇ ಅಲ್ವಾ?” ಎಂದ. ಆದರೂ ಅಂದು ಕೆಲಸಕ್ಕೆ ಹೋಗದೆ ಅವಳನ್ನು ಆಸ್ಪತ್ರೆಗೆ ಕರೆದೊಯ್ದ.

“ಸುಮ್ನೆ ಹೆದರ್ಬೇಡಮ್ಮ, ತಾನಾಗೇ ನಿಲ್ಲೋದೂ ಉಂಟು,” ಎನ್ನುತ್ತ ಡಾಕ್ಟರಮ್ಮ ಸ್ಕ್ಯಾನ್ ಶುರು ಮಾಡಿದರು. ಆಮೇಲೆ ಅದೇ ಜಾಗವನ್ನು ಮತ್ತೆ ಮತ್ತೆ ನೋಡಿದರು. ಪರದೆಯ ಮೇಲೆ ಮಗುವಿತ್ತು, ಮಿಡಿತವಿರಲಿಲ್ಲ.

ಆಗಬೇಕಾದ್ದೆಲ್ಲ ಆಗಿ ಹತ್ತು ದಿನ ಕಳೆದ ಮೇಲೆ ಅವನು ಕೆಲಸಕ್ಕೆ ಹೋದ. ಸಂಜೆ ಬಂದವನು ರೂಢಿಯಂತೆ ನೇರ ಬಚ್ಚಲಿಗೆ ಹೋಗಿ ಸೋಪು ಹಿಡಿದ.

“ಇನ್ಯಾಕೆ ತೊಳ್ಕೋತೀರಿ?” ಎಂದಳು ಹೆಂಡತಿ ಒಳಗಿನಿಂದ. “ಹಾಗೇ ಬನ್ನಿ.”

ಅವನು ಸೋಪು ಹಿಡಿದುಕೊಂಡೇ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ. ನಿಲ್ಲಲಿ ಎಂದು ಬೇಡಿಕೊಂಡವನು ತಾನೇ ಅಲ್ಲವೆ?