ಷಡ್ಡಕನ ಚೌಕದಲ್ಲಿ ಸಿಕ್ಕ ಕೈ

ಆ ಊರಿನ ಕ್ಷೌರದಂಗಡಿಯವನ ಕೈಚಳಕವನ್ನು ಕಡಿಮೆ ಮಾಡಿ ಹೇಳಿದರೆ ನಾಲಿಗೆಗೇ ಅವಮಾನ. ಹಾರುವ ಸೊಳ್ಳೆಯ ಮೀಸೆಯನ್ನು ಸೊಳ್ಳೆಗೂ ತಿಳಿಯದಂತೆ ಬೋಳಿಸಬಲ್ಲವನು ಆತ. ಅವನ ಹೊಟ್ಟೆಕಿಚ್ಚು ಮಾತ್ರ ಕೈಚಳಕಕ್ಕಿಂತ ಒಂದು ತೂಕ ಹೆಚ್ಚು; ಆ ಉರಿಯಲ್ಲಿ ಇಡೀ ಊರಿಗೆ ಸ್ನಾನದ ನೀರು ಕಾಯಿಸಬಹುದಿತ್ತು. ಉರಿಗೆ ಕಾರಣ ಒಬ್ಬನೇ: ಷಡ್ಡಕ, ಹೆಂಡತಿಯ ಅಕ್ಕನ ಗಂಡ, ಬೇಕರಿಯ ಮಾಲೀಕ.

ಹಳೆಯ ರೈಲು ನಿಲ್ದಾಣವನ್ನು ಕೆಡವಬಾರದೆಂದು ಊರಿನ ಕೆಲವರು ಹಟ ತೊಟ್ಟು, ರಜೆಯ ದಿನಗಳಲ್ಲಿ ಅಲ್ಲಿ ಪುಕ್ಕಟೆ ದುಡಿಯುತ್ತಿದ್ದರು; ಈ ಷಡ್ಡಕರಿಬ್ಬರೂ ಅವರಲ್ಲಿದ್ದರು. ಪ್ರಯಾಣಿಕರ ಕೋಣೆಯ ಸುಣ್ಣದಡಿ ಹಳೆಯ ಚಿತ್ರವಿದೆಯೆಂದು ಅವರ ಮುಂದಾಳು ಡ್ರಾಯಿಂಗ್ ಟೀಚರಮ್ಮನ ನಂಬಿಕೆ. ಆಕೆ ಗೋಡೆಯ ಮೇಲೆ ಚೌಕಗಳನ್ನೆಳೆದು ತಲೆಗೊಂದರಂತೆ ಹಂಚಿದ್ದರು. ಮರದ ಚಕ್ಕೆಯಿಂದ ಒಂದೊಂದೇ ಪದರ ಕೆರೆಯಬೇಕು. ಬಣ್ಣ ಕಂಡರೆ ಕೈ ನಿಲ್ಲಿಸಿ ಕರೆಯಬೇಕು. ಚಿತ್ರ ಯಾರ ಚೌಕದಲ್ಲಿ ಸಿಗುತ್ತದೋ ಅವರೇ ಅದನ್ನು ಊರಿಗೆ ತೋರಿಸುವವರು.

ಸಿಕ್ಕಿದ್ದು ಬೇಕರಿಯವನಿಗೆ. ಹಿಟ್ಟು ನಾದಿ ನಾದಿ ಸೌತೆಕಾಯಿಯಂತಾದ ಅವನ ಬೆರಳುಗಳಡಿ ಹೂ ಹಿಡಿದ ಒಂದು ಕೈ ಮೂಡಿತು. ಪಕ್ಕದಲ್ಲೇ ಇದ್ದ ಕ್ಷೌರದವನ ಚೌಕದಲ್ಲಿ ಬರೀ ಸುಣ್ಣ.

ಮನೆಯಲ್ಲಿ ಹೆಂಡತಿ ತಟ್ಟೆಯ ಜೊತೆಗೆ ಮಾತನ್ನೂ ಬಡಿಸಿದಳು.

"ಭಾವನಿಗೆ ಕೈ ಸಿಕ್ತಂತೆ, ಬಳೆ ಸಮೇತ. ಅಕ್ಕ ಬೀದಿಗೆಲ್ಲ ಹೇಳ್ಕೊಂಡು ಬಂದ್ಲು. ನಿಮಗೇನು ಸಿಕ್ತು?"

"ಸುಣ್ಣ."

"ಅದು ಅಂಗಡೀಲೂ ಸಿಗುತ್ತಲ್ಲ."

ಅವನು ಅರ್ಧ ಊಟಕ್ಕೇ ಕೈ ತೊಳೆದ. ತನಗೊಂದು ಕಾಲಾದರೂ ಸಿಗಬೇಕು, ಆನೆಯ ಕಾಲಾದರೂ ಸರಿ, ಅಂತೂ ಷಡ್ಡಕನ ಕೈಗಿಂತ ದೊಡ್ಡದಿರಬೇಕು.

ಮುಂದಿನ ರಜೆಯಂದು ಎಲ್ಲರಿಗಿಂತ ಮೊದಲೇ ಬಂದವನು ಜೇಬಿನಿಂದ ಕ್ಷೌರದ ಕತ್ತಿ ತೆಗೆದ. ಸುಣ್ಣ ಹಿಮಾಲಯ ಕುಸಿದಂತೆ ಉದುರಿತು. ನಡುವೆ ನೀಲಿ ಬಂತು. ಯಾರೋ ಹಿಂದೆ ಬಳಿಸಿದ ಗೋಡೆಬಣ್ಣವಿರಬೇಕೆಂದು ಅದನ್ನೂ ಎಬ್ಬಿಸಿದ. ಅವನು ಹುಡುಕುತ್ತಿದ್ದದ್ದು ಕೈಕಾಲು. ನೀಲಿ ಯಾರಿಗೆ ಬೇಕು? ಇಟ್ಟಿಗೆ ಹಲ್ಲು ಕಿರಿದ ಮೇಲೆಯೇ ಕತ್ತಿ ನಿಂತದ್ದು.

ಅಷ್ಟರಲ್ಲಿ ಟೀಚರಮ್ಮ, ಬೇಕರಿಯವನು, ಉಳಿದವರೆಲ್ಲ ಒಳಗೆ ಬಂದರು. ಟೀಚರಮ್ಮ ಚಿತ್ರದ ಕೈಯನ್ನೇ ದಿಟ್ಟಿಸಿದರು.

"ಈ ಕೈ ಯಾರಿಗೋ ಹೂ ಕೊಡ್ತಾ ಇದೆ ನೋಡಿ. ಇಸ್ಕೊಳ್ಳೋರು ಪಕ್ಕದ ಚೌಕದಲ್ಲೇ ಇರಬೇಕು."

ಕ್ಷೌರದವನು ಕಾಲಬುಡ ನೋಡಿಕೊಂಡ. ನೀಲಿ ಸೆರಗೊಂದು ಪುಡಿಯಾಗಿ ಬಿದ್ದಿತ್ತು. ಪುಡಿಯ ನಡುವಿನ ಒಂದು ಚಕ್ಕೆಯಿಂದ ಅರ್ಧ ಕಣ್ಣು ಅವನನ್ನೇ ನೋಡುತ್ತಿತ್ತು. ಕತ್ತಿ ಜೇಬಿಗೆ ಜಾರಿತು.

"ಇಲ್ಲೇನಾಯ್ತು?" ಟೀಚರಮ್ಮನ ದನಿ ಇಳಿದಿತ್ತು.

ಬೇಕರಿಯವನ ಕಣ್ಣು ನೆಲದ ಪುಡಿಯಿಂದ ಕ್ಷೌರದವನ ಜೇಬಿಗೆ ಹೋಗಿ ಬಂತು. "ಅಲ್ಲಿ ಗಾರೆ ಮೊದಲೇ ಸಡಿಲ ಇತ್ತು, ಟೀಚರಮ್ಮ. ನಾನೇ ನೋಡಿದ್ದೆ. ತಾನಾಗೇ ಉದುರಿರಬೇಕು. ನಮ್ಮ ತಮ್ಮನದೇನೂ ತಪ್ಪಿಲ್ಲ."

ಎಲ್ಲರೂ ನಂಬಿದರು. ಕ್ಷೌರದವನು ಬದುಕಿಕೊಂಡ. ಆದರೆ ಬದುಕಿಕೊಂಡದ್ದನ್ನೇ ಅವನಿಗೆ ಸಹಿಸಲಾಗಲಿಲ್ಲ. ಕೈ ಷಡ್ಡಕನಿಗೆ, ಹೂ ಅವನಿಗೆ, ಬಳೆ ಅವನಿಗೆ. ಈಗ ದೊಡ್ಡ ಮನಸ್ಸೂ ಅವನಿಗೇ ಹೋಗಬೇಕೆ? ಸಾಯುವವರೆಗೂ ಈ ಋಣದ ಮೂಟೆ ಹೊತ್ತು ಷಡ್ಡಕನ ಬ್ರೆಡ್ಡನ್ನು ಹೊಗಳುತ್ತಿರಬೇಕೆ?

"ಸುಳ್ಳು," ಎಂದ. "ಅಣ್ಣ ಸುಳ್ಳು ಹೇಳ್ತಿದಾನೆ. ನಾನೇ ಕತ್ತೀಲಿ ಕೆರೆದದ್ದು. ಬಣ್ಣ ಕಂಡ ಮೇಲೂ ಕೆರೆದೆ."

ಟೀಚರಮ್ಮ ಕೈ ಚಾಚಿದರು. ಅವನು ಕತ್ತಿ ಕೊಟ್ಟ. ಬಳಿಕ ಆಕೆ ಮೊಣಕಾಲೂರಿ ಅರ್ಧ ಕಣ್ಣನ್ನು ಕಾಗದದ ಮೇಲೆತ್ತಿಕೊಂಡರು.

"ಉಳಿದ ಚೂರುಗಳೂ ಇದರಲ್ಲೇ ಇರುತ್ತವೆ," ಎಂದ ಬೇಕರಿಯವನು. "ಜರಡಿ ಹಿಡಿಯೋಣ ತಮ್ಮ. ಬೇಕರೀಲಿ ಒಳ್ಳೇ ಜರಡಿ ಇದೆ, ತರ್ತೀನಿ."

"ಬೇಡ," ಎಂದು ಕ್ಷೌರದವನು ಆಗಲೇ ಬಾಗಿಲು ದಾಟಿದ್ದ. "ಜರಡಿ ನಾನೇ ತರ್ತೀನಿ. ನಿನ್ನದಕ್ಕಿಂತ ಸಣ್ಣ ಕಣ್ಣಿಂದು."